ಮೈಕಕ್ಕ ಕೂಗಿದ್ದು

ಆಟೋದ ಹಿಂದಿನ ಸೀಟಿನಲ್ಲಿ ಮೈಕು ಹಿಡಿದು ಕೂತಳೆಂದರೆ ಅವಳ ದನಿ ಏಳು ಬೀದಿಗೆ ಕೇಳುತ್ತಿತ್ತು. ಬಟ್ಟೆ ಅಂಗಡಿಯ ರಿಯಾಯಿತಿ, ಕಳೆದುಹೋದ ಮಗು, ನಲ್ಲಿಯಲ್ಲಿ ನೀರು ಬಾರದ ದಿನ, ಎಲ್ಲವನ್ನೂ ಅವಳೇ ಕೂಗಬೇಕು. ಹದಿನೆಂಟು ವರ್ಷದಲ್ಲಿ ಅವಳ ಹೆಸರು ಮರೆತೇಹೋಗಿ, ಊರಿಗೆಲ್ಲ ಮೈಕಕ್ಕ ಆಗಿದ್ದಳು.

ಚುನಾವಣೆಗೆ ನಿಂತ ಮುಖಂಡ ಪ್ರಚಾರಕ್ಕೆ ಅವಳನ್ನೇ ಗೊತ್ತುಮಾಡಿದ. "ಸರ್ಕಾರಿ ಆಸ್ಪತ್ರೆ ಬಡವರ ಆಸ್ತಿ! ಯಾವ ಸಾಹುಕಾರನಿಗೂ ಮಾರಲು ಬಿಡೆವು! ಚಿಕಿತ್ಸೆ ಪೂರ್ತಿ ಉಚಿತ!" ಇಪ್ಪತ್ತು ದಿನ ಮನಸಾರೆ ಕೂಗಿದಳು. ಅವಳ ಅಮ್ಮನ ಎರಡೂ ಕಿಡ್ನಿ ಕೈಕೊಟ್ಟಿದ್ದವು. ವಾರಕ್ಕೆರಡು ಸಲ ಅದೇ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಆಗದಿದ್ದರೆ ಜೀವ ಉಳಿಯುವಂತಿರಲಿಲ್ಲ.

"ಅವನ ಮುಖ ನೋಡಿ ಅಲ್ಲ, ನೀನು ಹೇಳ್ತಿದ್ದೀಯಲ್ಲ ಅಂತ ಓಟು ಹಾಕ್ತೀನಿ ಕಣೆ," ಎಂದಿದ್ದಳು ಪಕ್ಕದ ಮನೆಯ ಚಿಕ್ಕಮ್ಮ.

ಗೆದ್ದ, ಪುಣ್ಯಾತ್ಮ. ಆರು ತಿಂಗಳೂ ಕಳೆದಿರಲಿಲ್ಲ, ಆಸ್ಪತ್ರೆ ದೊಡ್ಡ ಔಷಧ ಕಂಪನಿಯೊಂದರ ಪಾಲಾಯಿತು. ರಿಬ್ಬನ್ ಕತ್ತರಿಸಲು ಅವನೇ ಬಂದ! ನಂಬಿಸಿ ಕತ್ತು ಕೊಯ್ದವನಿಗೆ ಮುಖದಲ್ಲಿ ಒಂದಿಷ್ಟಾದರೂ ನಾಚಿಕೆ ಬೇಡವೇ?

ಕಂಪನಿಯ ಮ್ಯಾನೇಜರು ಮೈಕಕ್ಕನನ್ನು ಕರೆಸಿದ. ನೋಡಿದರೆ, ಪ್ರಚಾರದಲ್ಲಿ ದಿನವೂ ಅವಳಿಗೆ ಕೂಲಿ ಕೊಡುತ್ತಿದ್ದ ಮನುಷ್ಯ!

"ಅಂದ್ರೆ ಆಗಲೂ ದುಡ್ಡು ನಿಮ್ಮದೇನಾ?"

"ಎಲ್ಲಾ ನಮ್ಮವರೇ ಬಿಡಕ್ಕ," ಎಂದು ಹಲ್ಲು ಕಿಸಿದ. "ಹೊರಗೆ ಮೈಕಲ್ಲಿ ಈ ಚೀಟಿ ಓದು. ನಿನ್ನ ಮಾತಾದ್ರೆ ಜನ ಗಲಾಟೆ ಮಾಡದೆ ಕೇಳ್ತಾರೆ. ನಿಮ್ಮಮ್ಮಂಗೆ ಮಾತ್ರ ಫ್ರೀ, ಬದುಕಿರೋವರೆಗೂ."

ಹೊರಗೆ ಬೆಂಚುಗಳೆಲ್ಲ ತುಂಬಿದ್ದವು. ಅಮ್ಮ ಗೋಡೆಗೊರಗಿ ಕೂತಿದ್ದಳು. ಪಕ್ಕದಲ್ಲೇ ಕಾಲು ಊದಿಸಿಕೊಂಡ ಚಿಕ್ಕಮ್ಮ. ಚೀಟಿಯಲ್ಲಿ ಎರಡೇ ಸಾಲು: ಇಂದಿನಿಂದ ಶುಲ್ಕ ಕಟ್ಟಿದವರಿಗೆ ಮಾತ್ರ ಚಿಕಿತ್ಸೆ. ಉಳಿದವರು ಜಾಗ ಖಾಲಿ ಮಾಡಬೇಕು.

ಮೈಕಕ್ಕ ಚೀಟಿ ಮಡಚಿಟ್ಟು ಮೈಕು ಎತ್ತಿಕೊಂಡಳು. "ಆಸ್ಪತ್ರೆ ಮಾರಲ್ಲ ಅಂತ ನನ್ನ ಕೈಲಿ ಕೂಗಿಸಿದ್ದು, ಈಗ ಇದನ್ನ ಕೊಂಡಿರೋ ಕಂಪನಿ ದುಡ್ಡು! ಮುಖಂಡನೂ ಇವರೂ ಆಗಲೇ ಒಂದಾಗಿದ್ರು. ಸುಳ್ಳು ಅವರದು, ಬಾಯಿ ನನ್ನದು. ಯಾರೂ ಎದ್ದು ಹೋಗಬೇಡಿ!"

ಮ್ಯಾನೇಜರು ಓಡಿ ಬಂದು ವೈರು ಕಿತ್ತ. "ನಿಮ್ಮಮ್ಮನ ಹೆಸರು ಈಗಲೇ ಹೊಡೆದು ಹಾಕಿಸ್ತೀನಿ, ನೋಡ್ತಿರು!"

ಮೈಕಕ್ಕ, ಎಂಥ ಕೆಲಸ ಮಾಡಿಬಿಟ್ಟೆ ಎಂದು ಅಮ್ಮನ ಕಡೆ ತಿರುಗಿದಳು. ಅಮ್ಮ ಕೂತಲ್ಲಿಂದ ಅಲ್ಲಾಡಲಿಲ್ಲ.

"ಹಿಂದೆ ಕೂತೋರಿಗೆ ಕೇಳಿಸ್ಲಿಲ್ಲ ಕಣೆ," ಎಂದಳು. "ಇನ್ನೊಂದ್ಸಲ ಕೂಗು."