ಬೆಲ್ಲದ ಕಾಗದ ಓದಿಸುವ ವೀರಭದ್ರಮ್ಮ

ಇನ್ನೂ ನಸುಕು. ಕುರಿಹಟ್ಟಿಯ ಮುಳ್ಳುಬೇಲಿಯ ಹೊರಗೆ, ನೀರು ಕುಡಿಸುವ ಕಲ್ಲುಬಾನಿಯ ಅಂಚಿನ ಮೇಲೆ ನಲವತ್ತಾರು ವರ್ಷದ ಹೆಂಗಸೊಬ್ಬಳು ಕೂತಿದ್ದಾಳೆ. ಪಕ್ಕದಲ್ಲಿ ಹತ್ತು ವರ್ಷದ ಹುಡುಗಿ ಕುಕ್ಕರಗಾಲಲ್ಲಿದ್ದಾಳೆ. ಇಬ್ಬರ ನಡುವೆ ಒಂದು ಹಳೆಯ ಸುದ್ದಿ ಕಾಗದ. ಅದಕ್ಕೆ ಅಲ್ಲಲ್ಲಿ ಬೆಲ್ಲದ ಅಂಟು, ಅಂಟಿನಲ್ಲಿ ಒಂದೆರಡು ಸತ್ತ ಇರುವೆ.

"ನೆಕ್ಕಿದ್ದು ಸಾಕು ಕಣಮ್ಮ, ಓದು," ಎನ್ನುತ್ತಾರೆ ಶಾಲೆಯ ಮೇಡಮ್ಮ ವೀರಭದ್ರಮ್ಮ.

ಹುಡುಗಿ ನಾರಮ್ಮ ನಾಲಿಗೆ ಒಳಗೆ ಹಾಕಿಕೊಂಡು ಬೆರಳನ್ನು ಕಾಗದದ ಮೇಲಿಡುತ್ತಾಳೆ. ಒಂದು ಪದಕ್ಕೆ ಮೂರು ಉಸಿರು ಬೇಕು. ಅತ್ತ ಬೇಲಿಯ ಒಳಗಿದ್ದ ಅವಳ ಅಪ್ಪ ಮುತ್ಯಾಲಪ್ಪ ಮೇಡಮ್ಮನ ದನಿ ಕೇಳಿದ ಕೂಡಲೇ ಎದ್ದು ಹಟ್ಟಿಯ ಆಚೆ ಮಗ್ಗುಲಿಗೆ ಹೋಗುತ್ತಾನೆ. ಯಾವಾಗಲೂ ಹೀಗೇ. ವೀರಭದ್ರಮ್ಮ ಬಂದರೆ ಅವನು ಬೆನ್ನು ತಿರುಗಿಸುತ್ತಾನೆ. ಇಪ್ಪತ್ತು ವರ್ಷದಿಂದ ಅವರೊಂದಿಗೆ ಒಂದು ಮಾತು ಆಡಿಲ್ಲ.

ಮೈಸೂರು ಗಡಿಗೆ ಹತ್ತಿರದ ತೆಲುಗು ಸೀಮೆಯಲ್ಲಿ, ಸೆಟ್ಟೂರಿನಿಂದ ಮೂರು ಮೈಲಿ ಒಳಗಿರುವ ಈ ಹಳ್ಳಿಯ ಬೋರ್ಡ್ ಶಾಲೆಗೆ ಇರುವುದು ಒಂದೇ ಕೋಣೆ, ಐದು ಕ್ಲಾಸು, ಒಬ್ಬರೇ ಮೇಡಮ್ಮ. ಈ ವರ್ಷ, ಅಂದರೆ ಸಾವಿರದ ಒಂಬೈನೂರ ಐವತ್ತೊಂದರಲ್ಲಿ, ಹಾಜರಿ ಪುಸ್ತಕದಲ್ಲಿ ನಲವತ್ತಮೂರು ಹೆಸರುಗಳಿವೆ. ಅದರಲ್ಲಿ ಹನ್ನೊಂದು ಮಂದಿಗೆ ಓದು ಹತ್ತುವುದಿಲ್ಲ. ಆ ಹನ್ನೊಂದು ಮಂದಿಗೇ ವೀರಭದ್ರಮ್ಮನ ಬೆಳಗು ಮೀಸಲು. ಕೋಳಿ ಕೂಗುವ ಮುಂಚೆ ಎದ್ದು ಅವರವರ ಮನೆ, ಹಟ್ಟಿ, ಕಣ ಎನ್ನದೆ ತಾವೇ ಹೋಗುತ್ತಾರೆ. ದಿನಕ್ಕೆ ಮೂವರು, ಒಬ್ಬೊಬ್ಬರಿಗೆ ಕಾಲು ಗಂಟೆ. ಶಾಲೆಯ ಗಂಟೆ ಬಾರಿಸುವ ಹೊತ್ತಿಗೆ ಮೂರು ಮೈಲಿ ನಡೆದು ಮುಗಿದಿರುತ್ತದೆ. ಇದನ್ನು ಮಾಡೆಂದು ಯಾವ ಸರ್ಕ್ಯುಲರ್ರೂ ಹೇಳಿಲ್ಲ, ಮಾಡಿದ್ದಕ್ಕೆ ಯಾರೂ ಭೇಷ್ ಅಂದಿಲ್ಲ.

ಇನ್ನು ಆ ಬೆಲ್ಲದ ಕಾಗದದ ಕಥೆ. ಹಿಂದೂಪುರದಲ್ಲಿ ವೀರಭದ್ರಮ್ಮನ ಅಣ್ಣ ಸೋಮಶೇಖರಪ್ಪನವರದು ಬೆಲ್ಲದ ಮಂಡಿ. ತಿಂಗಳಿಗೊಮ್ಮೆ ಕಲ್ಯಾಣದುರ್ಗದ ಬಸ್ಸಿನಲ್ಲಿ ತಂಗಿಗೆ ಒಂದು ಗಂಟು ಬೆಲ್ಲ ಕಳಿಸುತ್ತಾರೆ. ಗಡಿಯಾಚೆ ಮೈಸೂರು ಸೀಮೆಯಿಂದ ರದ್ದಿಗೆ ಬರುವ ಕನ್ನಡ ಪತ್ರಿಕೆಗಳಲ್ಲಿ ಅಚ್ಚುಗಳನ್ನು ಸುತ್ತಿರುತ್ತಾರೆ. ಬೆಲ್ಲ ಮಕ್ಕಳ ಪಾಲಾಗುತ್ತದೆ. ಮೇಡಮ್ಮನಿಗೆ ಬೇಕಾದ್ದು ಕಾಗದ. ಕಳ್ಳತನದ ಸುದ್ದಿ, ಕೂದಲೆಣ್ಣೆಯ ಜಾಹೀರಾತು, ಮದುವೆಗೆ ವರ ಬೇಕೆಂಬ ಪ್ರಕಟಣೆ, ಎಲ್ಲವೂ ಅವರಿಗೆ ಪಾಠವೇ.

"ಪುಸ್ತಕ ಕೊಟ್ರೆ ಬಾಯಿಪಾಠ ಮಾಡ್ಬುಡ್ತವೆ ಕಣಪ್ಪ," ಎನ್ನುತ್ತಾರೆ. "ದೊಡ್ಡ ಹುಡುಗ್ರು ಓದೋದು ಕೇಳ್ಕಂಡು ಕೇಳ್ಕಂಡು ಅಷ್ಟೂ ಪಾಠ ನಾಲಿಗೆ ಮ್ಯಾಲೆ ಇರ್ತೈತೆ. ಬೆರಳು ಸಾಲಿನ ಮ್ಯಾಲೆ ಹೋಯ್ತಾ ಇರ್ತೈತೆ, ಬಾಯಿ ಅದರ ಪಾಡಿಗೆ ಅದು ಹೇಳ್ತಾ ಇರ್ತೈತೆ. ಕಣ್ಣು ಎಲ್ಲೋ! ಈ ಕಾಗದನ ಯಾವನು ಬಾಯಿಪಾಠ ಮಾಡ್ತಾನೆ ಹೇಳು?"

ಒಂದೇ ಕೋಣೆಯ ಶಾಲೆಗಳಿಗೆ ಅಂಟಿದ ರೋಗ ಇದು. ಒಂದನೇ ಕ್ಲಾಸಿನ ಮಗು ಅಕ್ಷರ ತಿದ್ದುತ್ತಾ ಕೂತಿದ್ದರೂ ಕಿವಿ ಐದನೇ ಕ್ಲಾಸಿನ ಕಡೆಗಿರುತ್ತದೆ. ಮನೆಯಲ್ಲಿ ಅರ್ಧ ತೆಲುಗು, ಅರ್ಧ ಕನ್ನಡ. ಪುಸ್ತಕದ ಕನ್ನಡ ಮಕ್ಕಳಿಗೆ ಮೊದಲು ಹಾಡಿನಂತೆ ಕಿವಿಗೇ ಬರುತ್ತದೆ. ಇನ್‌ಸ್ಪೆಕ್ಟರ್ ಬಂದ ದಿನ ಪುಸ್ತಕ ಹಿಡಿದು ಗಿಣಿಯಂತೆ ಒಪ್ಪಿಸುತ್ತಾರೆ. ಸಾಹೇಬರಿಗೂ ಸಂತೋಷ, ಮೇಷ್ಟ್ರಿಗೂ ಸಂತೋಷ, ಮುಂದಿನ ಕ್ಲಾಸಿಗೆ ಬಡ್ತಿ. ಸುತ್ತಲ ಎಷ್ಟೋ ಶಾಲೆಗಳಲ್ಲಿ ಇವತ್ತಿಗೂ ನಡೆಯುವುದು ಇದೇ.

ವೀರಭದ್ರಮ್ಮ ಒಂದು ಕಾಲಕ್ಕೆ ಅದನ್ನೇ ಮಾಡಿದವರು.

ಹದಿನೇಳಕ್ಕೇ ಗಂಡನನ್ನು ಕಳೆದುಕೊಂಡು ಅಣ್ಣನ ಮನೆ ಸೇರಿದ ಹುಡುಗಿ ಹಟ ಹಿಡಿದು ಟ್ರೈನಿಂಗ್ ಮುಗಿಸಿ, ಇಪ್ಪತ್ತನಾಲ್ಕನೇ ವಯಸ್ಸಿಗೆ ಈ ಹಳ್ಳಿಗೆ ಬಂದರು. ಎರಡು ವರ್ಷ ಕಳೆದಿತ್ತು. ಅವರ ಕೆಲಸ ಖಾಯಂ ಆಗುವುದು ಆ ಸಲದ ತನಿಖೆಯ ಮೇಲೆ ನಿಂತಿತ್ತು. ಐದನೇ ಕ್ಲಾಸಿನ ಮುತ್ಯಾಲಪ್ಪ, ಆಗ ಹನ್ನೆರಡು ವರ್ಷದವನು, ಇನ್‌ಸ್ಪೆಕ್ಟರ್ ಮುಂದೆ ನಿಂತು ಇಡೀ ಪಾಠವನ್ನು ಎಲ್ಲೂ ತೊಡರದೆ ಓದಿದ. ಸಾಹೇಬರು ಬೆನ್ನು ತಟ್ಟಿದರು. ಪಕ್ಕದಲ್ಲಿ ನಿಂತಿದ್ದ ಮೇಡಮ್ಮನ ಕಣ್ಣಿಗೆ ಮಾತ್ರ ಬೇರೊಂದು ಕಂಡಿತ್ತು. ಹುಡುಗನ ಬಾಯಿ ಪುಟದ ಕೊನೆಗೆ ಹೋಗಿತ್ತು, ಬೆರಳು ಇನ್ನೂ ನಡುವಿನ ಸಾಲಿನಲ್ಲೇ ಇತ್ತು.

"ನಂಗೆ ಗೊತ್ತಾಯ್ತು," ಎಂದು ಅವರು ಮುಚ್ಚುಮರೆ ಇಲ್ಲದೆ ಹೇಳುತ್ತಾರೆ. "ಗೊತ್ತಾಗ್ಲಿಲ್ಲ ಅಂದ್ರೆ ಸುಳ್ಳಾಯ್ತದೆ. ನೋಡಿ ಸುಮ್ಕಿದ್ದೆ. ವಾಪಸ್ಸು ಅಣ್ಣನ ಮನೆಗೆ ಹೋಗ್ಬೇಕಲ್ಲ ಅನ್ನೋ ಭಯ ನಂಗೆ."

ಮುತ್ಯಾಲಪ್ಪ ಪಾಸಾದ. ಹೊಸ ಅಂಗಿ ಹೊಲಿಸಿಕೊಂಡು ಕಲ್ಯಾಣದುರ್ಗದ ದೊಡ್ಡ ಶಾಲೆಗೆ ಹೋದ. ಅಲ್ಲಿ ಕೈಗೆ ಬೇರೆ ಪುಸ್ತಕ ಕೊಟ್ಟರು. ಮೊದಲ ಸಾಲಿನ ಮೊದಲ ಪದವೂ ಅವನಿಗೆ ಓದಲು ಬರಲಿಲ್ಲ. ಹುಡುಗರೆಲ್ಲ ನಕ್ಕರು. ಎರಡನೇ ಕ್ಲಾಸಿನ ಪುಟಾಣಿಗಳ ನಡುವೆ ಅವನನ್ನು ಕೂರಿಸಿದರು. ಮೂರು ದಿನ ಕೂತಿದ್ದು, ನಾಲ್ಕನೇ ದಿನ ಯಾರಿಗೂ ಹೇಳದೆ ನಡೆದುಕೊಂಡೇ ಊರಿಗೆ ಬಂದ. ಶಾಲೆಯ ಮುಂದೆ ಹಾದು ಹೋಗುವಾಗ ಮೇಡಮ್ಮ ಅವನ ಹೆಸರು ಹಿಡಿದು ಕೂಗಿದರು. ಅವನು ತಿರುಗಿ ನೋಡಲಿಲ್ಲ. ಅವನು ಬೆನ್ನು ತಿರುಗಿಸಿದ್ದು ಅವತ್ತಿನಿಂದ.

ಮುಂದಿನ ವರ್ಷದಿಂದ ಮೇಡಮ್ಮನ ನಿಯಮ ಬದಲಾಯಿತು. ಒಂದನೆಯ, ಎರಡನೆಯ ಕ್ಲಾಸಿನಲ್ಲಿ ಯಾರನ್ನೂ ತಡೆಯುವುದಿಲ್ಲ. ಮೂರರಿಂದ ಮೇಲೆ ಹೋಗಬೇಕಾದರೆ ಬೆಲ್ಲದ ಕಾಗದ ಓದಲೇಬೇಕು. ನಸುಕಿನ ನಡಿಗೆಯೂ ಆಗಲೇ ಶುರುವಾಯಿತು. ಹೆಚ್ಚಿನವರು ದಡ ಸೇರುತ್ತಾರೆ. ಸೇರದವರ ಹೆಸರಿನ ಮುಂದೆ ಅವರೇ ಕೆಂಪು ಶಾಯಿಯಲ್ಲಿ 'ತಡೆ' ಎಂದು ಬರೆಯುತ್ತಾರೆ. ಇನ್ನೊಂದು ವರ್ಷ ಕಳಿಸಿ, ನಾನು ಓದಿಸುತ್ತೇನೆ ಎಂದು ಆ ಮಗುವಿನ ಮನೆ ಬಾಗಿಲಿಗೂ ಹೋಗುತ್ತಾರೆ.

ಯಾರೂ ಕಳಿಸುವುದಿಲ್ಲ. ಫೇಲಾದ ಮಗು ಮನೆಗೆ ಅವಮಾನ, ಮೇಲಾಗಿ ದುಡಿಯಲು ಒಂದು ಜೊತೆ ಕೈ. ಇಪ್ಪತ್ತು ವರ್ಷದಲ್ಲಿ ಮೂವತ್ತೊಂದು ಮಕ್ಕಳನ್ನು ತಡೆದಿದ್ದಾರೆ. ಮೂವತ್ತೊಂದೂ ಶಾಲೆ ಬಿಟ್ಟವು. ಆ ಹೆಸರುಗಳನ್ನು ನೆನೆಯಲು ಮೇಡಮ್ಮನಿಗೆ ಹಾಜರಿ ಪುಸ್ತಕ ಬೇಕಿಲ್ಲ. ನಸುಕಿನಲ್ಲಿ ನಡೆಯುವಾಗ ಒಂದೊಂದಾಗಿ ಹೇಳಿಕೊಳ್ಳುತ್ತಾರೆ. ಸುಳ್ಳು ಪಾಸು ಮಾಡಿ ಒಬ್ಬನನ್ನು ಕೆಡಿಸಿದೆ, ನಿಜ ಹೇಳಿ ಮೂವತ್ತೊಂದು ಮಂದಿಯನ್ನು ಕಳೆದುಕೊಂಡೆ, ಯಾವುದು ದೊಡ್ಡ ತಪ್ಪು? ಈ ಪ್ರಶ್ನೆಯನ್ನು ಯಾರೊಂದಿಗೆ ಹಂಚಿಕೊಳ್ಳುವುದು? ಊರಿನಲ್ಲಿ ಅವರಿಗೆ 'ಫೇಲಮ್ಮ' ಎಂದೇ ಹೆಸರು. ಮದುವೆ, ನಾಮಕರಣ ಎಂದು ಯಾರೂ ಕರೆಯುವುದಿಲ್ಲ. ಬಾವಿಯ ಹತ್ತಿರ ಹೋದರೆ ಮಾತು ನಿಲ್ಲುತ್ತದೆ. ಶಾಲೆಯ ಹಿಂದಿನ ಒಂಟಿ ಕೋಣೆಯಲ್ಲಿ ಒಬ್ಬರೇ ಬೇಯಿಸಿ ಒಬ್ಬರೇ ಉಣ್ಣುತ್ತಾರೆ. ಪಕ್ಕದ ಮನೆಯ ಮುದುಕಿ ಓಬಕ್ಕ ಮಾತ್ರ ಸಂಜೆ ಎಲೆಅಡಿಕೆ ಹಿಡಿದು ಬಂದು ಕೂರುತ್ತಾಳೆ. ಅವಳಿಗೆ ಕಿವಿ ಮಂದ. ಇದ್ದುದರಲ್ಲಿ ಅದೇ ಒಂದು ಸಮಾಧಾನ ಎಂದು ಮೇಡಮ್ಮ ನಗುತ್ತಾರೆ.

ನಾರಮ್ಮ ಶಾಲೆಗೆ ಬಂದದ್ದೇ ಒಂದು ವಿಶೇಷ. ಅವಳ ತಾಯಿ ಪೋಲಮ್ಮ ಗಂಡನೊಡನೆ ಮೂರು ದಿನ ಜಗಳವಾಡಿ ಸೇರಿಸಿದಳು. ಮುತ್ಯಾಲಪ್ಪ ಒಂದು ಷರತ್ತು ಹಾಕಿದ: "ಫೇಲಾದ ದಿನ ಕುರಿ ಹಿಂದೆ ಬರ್ಬೇಕು. ಅಂತೇ." ತೆಲುಗಿನ ಆ 'ಅಂತೇ'ಗೆ, ಅಷ್ಟೇ ಎಂಬುದಕ್ಕೆ, ಆ ಮನೆಯಲ್ಲಿ ಮೇಲ್ಮನವಿ ಇಲ್ಲ. ಈಗ ಅವಳು ಮೂರನೇ ಕ್ಲಾಸು. ನಾಲ್ಕು ತಿಂಗಳಿನಿಂದ ಕಲ್ಲುಬಾನಿಯ ಮೇಲೆ ಪಾಠ ನಡೆಯುತ್ತಿದೆ. ಅಕ್ಷರ ಕೂಡಿಸುತ್ತಾಳೆ, ಆದರೆ ನಿಧಾನ. ಯುಗಾದಿಗೆ ಮುಂಚೆ ತನಿಖೆ.

ತನಿಖೆಯ ದಿನ ಇನ್‌ಸ್ಪೆಕ್ಟರ್ ಕಲ್ಯಾಣದುರ್ಗದಿಂದ ಸೈಕಲ್ಲಿನಲ್ಲಿ ಬೆವರಿ ಬಂದಿದ್ದಾರೆ. ತೆಲುಗಿನವರು, ಒಳ್ಳೆಯವರೇ, ಮಧ್ಯಾಹ್ನದ ಒಳಗೆ ಇನ್ನೊಂದು ಶಾಲೆ ನೋಡಬೇಕಾದವರು. ಬಾಗಿಲ ಹೊರಗೆ ಕೆಲವು ತಂದೆತಾಯಿಗಳು ನಿಂತಿದ್ದಾರೆ. ಮುತ್ಯಾಲಪ್ಪನೂ ಇದ್ದಾನೆ, ಕೋಲಿನ ಮೇಲೆ ಗದ್ದ ಊರಿಕೊಂಡು. ಮಗಳನ್ನು ಇಲ್ಲಿಂದಲೇ ಕರೆದೊಯ್ಯುವ ಸಿದ್ಧತೆ ಇರಬೇಕು.

ನಾರಮ್ಮನ ಸರದಿ ಬರುತ್ತದೆ. ಇನ್‌ಸ್ಪೆಕ್ಟರ್ ಪಠ್ಯಪುಸ್ತಕ ತೆರೆದು ಕೊಡುತ್ತಾರೆ. ಹುಡುಗಿ ಓದುತ್ತಾಳೆ, ಗಟ್ಟಿಯಾಗಿ, ಸರಾಗವಾಗಿ. ಸಾಹೇಬರು ತಲೆದೂಗುತ್ತಾರೆ. ಪಕ್ಕದಲ್ಲಿ ನಿಂತ ವೀರಭದ್ರಮ್ಮ ಅವಳ ಬೆರಳು ನೋಡುತ್ತಾರೆ. ಬಾಯಿ ಮುಂದೆ ಹೋಗಿದೆ, ಬೆರಳು ಎರಡು ಸಾಲು ಹಿಂದೆ ಉಳಿದಿದೆ. ಭಯಕ್ಕೆ ಹುಡುಗಿ ಬಾಯಿಪಾಠಕ್ಕೆ ಜಾರಿದ್ದಾಳೆ.

ಸುಮ್ಮನಿದ್ದರೆ ಪಾಸು. ಇನ್ನೊಂದು ವರ್ಷ ಮಗು ಶಾಲೆಯಲ್ಲಿರುತ್ತದೆ. ಯಾರಿಗೆ ಗೊತ್ತಾಗಬೇಕು? ಇಪ್ಪತ್ತು ವರ್ಷದ ಹಿಂದೆ ನಿಂತಿದ್ದ ಜಾಗದಲ್ಲೇ ನಿಂತಿದ್ದೇನೆ ಎಂಬುದು ಮೇಡಮ್ಮನಿಗೆ ಚೆನ್ನಾಗಿ ಗೊತ್ತು.

"ಸ್ವಾಮಿ, ಆ ಪುಸ್ತಕ ಅದಕ್ಕೆ ಬಾಯಿಗೆ ಬತ್ತದೆ. ಇದನ್ನ ಓದ್ಸಿ," ಎಂದು ಬೆಲ್ಲದ ಕಾಗದವೊಂದನ್ನು ಮುಂದೆ ಹಿಡಿಯುತ್ತಾರೆ.

ನಾರಮ್ಮ ತಲೆಯೆತ್ತಿ ನೋಡುತ್ತಾಳೆ. ನೀನೇ ಹೀಗೆ ಮಾಡಬಹುದೇ ಎಂಬಂತಿದೆ ಆ ನೋಟ. ಆಮೇಲೆ ಕಾಗದ ತೆಗೆದುಕೊಳ್ಳುತ್ತಾಳೆ. ಅದರಲ್ಲಿ ಕಳೆದುಹೋದ ಹಸುವಿನ ಪ್ರಕಟಣೆ. ಒಂದು ಪದ, ನಿಲುಗಡೆ. ಇನ್ನೊಂದು ಪದ, ನಿಲುಗಡೆ. ಕಿಟಕಿಯಾಚೆ ಹೋಗುತ್ತಿದ್ದ ಗಾಡಿ ಊರು ದಾಟುವಷ್ಟು ಹೊತ್ತಾದರೂ ಮೂರು ಸಾಲು ಮುಗಿದಿಲ್ಲ. ನಾಲ್ಕನೇ ಸಾಲಿನಲ್ಲಿ ಒಂದು ಪದ ತಪ್ಪು ಓದುತ್ತಾಳೆ. ಹಸು ಹಾಗಿರುವುದಿಲ್ಲವಲ್ಲ ಎಂದು ಅವಳಿಗೇ ಅನುಮಾನ ಬಂದು ನಿಲ್ಲುತ್ತಾಳೆ, ಹಿಂದಕ್ಕೆ ಬಂದು ತಿದ್ದಿಕೊಂಡು ಓದುತ್ತಾಳೆ.

ಇನ್‌ಸ್ಪೆಕ್ಟರ್ ಗಡಿಯಾರ ನೋಡಿಕೊಳ್ಳುತ್ತಾರೆ. "ಲಾಭಂ ಲೇದಮ್ಮಾ, ಪ್ರಯೋಜನ ಇಲ್ಲ. ತುಂಬಾ ನಿಧಾನ. ಇಂಕೊಕ ಸಂವತ್ಸರಂ, ಇನ್ನೊಂದು ವರ್ಷ, ಇದೇ ಕ್ಲಾಸಲ್ಲಿ ಇರಲಿ," ಎಂದು ರಿಜಿಸ್ಟರು ತಳ್ಳುತ್ತಾರೆ. ವೀರಭದ್ರಮ್ಮ ಕೆಂಪು ಶಾಯಿಯ ಲೇಖನಿ ಎತ್ತಿಕೊಳ್ಳುತ್ತಾರೆ. ಮೂವತ್ತೆರಡನೆಯದು.

ಆಗ ಬಾಗಿಲಿನಿಂದ ಒಂದು ದನಿ ಬರುತ್ತದೆ.

"ಸ್ವಾಮಿ, ಅದು ಓದ್ತಾ ಐತೆ."

ಮುತ್ಯಾಲಪ್ಪ. ಕೋಲನ್ನು ಗೋಡೆಗೆ ಒರಗಿಸಿ ಒಳಗೆ ಬಂದಿದ್ದಾನೆ. ಇಪ್ಪತ್ತು ವರ್ಷದ ಮೇಲೆ ಈ ಹೊಸ್ತಿಲು ದಾಟಿದ್ದಾನೆ.

"ತಡವರಿಸ್ತೈತಲ್ಲ, ತಪ್ಪು ಮಾಡಿ ಹಿಂದಕ್ಕೆ ಬಂತಲ್ಲ, ಅದೇ ಓದೋದು. ನಾನು ಇದೇ ಜಾಗದಾಗೆ ನಿಂತ್ಕಂಡು ಒಂದ್ಕಡೇನೂ ತಡವರಿಸ್ಲಿಲ್ಲ ಸ್ವಾಮಿ. ನಿಮ್ಮಂಗೇ ಒಬ್ರು ಬೆನ್ನು ತಟ್ಟಿದ್ರು. ಇವತ್ಗೂ ನನ್ನ ಹೆಸ್ರು ಬರ್ದು ತೋರ್ಸಿದ್ರೆ ನಂದೇ ಅಂತ ಗೊತ್ತಾಗಾಕಿಲ್ಲ."

ಇನ್‌ಸ್ಪೆಕ್ಟರ್ ರಿಜಿಸ್ಟರನ್ನು ಮತ್ತೆ ತಮ್ಮತ್ತ ಎಳೆದುಕೊಳ್ಳುತ್ತಾರೆ.

"ಫೇಲ್ ಅಂತಾನೇ ಬರ್ಕಳಿ. ರಜ ಮುಗಿದ್ಮ್ಯಾಲೆ ಕಳಿಸ್ತೀನಿ," ಎಂದು ಮುತ್ಯಾಲಪ್ಪ ಮಗಳ ತಲೆಯ ಮೇಲೆ ಒಮ್ಮೆ ಕೈಯಿಟ್ಟು ಹೊರಗೆ ನಡೆಯುತ್ತಾನೆ. ಹೋಗುವಾಗಲೂ ಮೇಡಮ್ಮನ ಕಡೆ ನೋಡುವುದಿಲ್ಲ.

ಅವತ್ತು ಸಂಜೆ ಎಂದಿನಂತೆ ಓಬಕ್ಕ ಬಂದು ಕೂತಿದ್ದಾಳೆ. ಮೇಡಮ್ಮ ಒಲೆಯ ಮುಂದೆ ಮುದ್ದೆ ತಿರುವುತ್ತಿದ್ದಾರೆ, ಒಬ್ಬರಿಗಾಗುವಷ್ಟೇ. ವಿಷಯ ಊರೆಲ್ಲ ಹರಡಿದೆ.

"ಏನಮ್ಮಾ, ಆ ಮುತ್ಯಾಲಪ್ಪ ನಿನ್ನ ಮಾತಾಡಿಸಿದ್ನಂತೆ?" ಎಂದು ಓಬಕ್ಕ ಗಟ್ಟಿಯಾಗಿ ಕೇಳುತ್ತಾಳೆ.

"ಇಲ್ಲ ಕಣವ್ವ, ನನ್ನ ಮಾತಾಡಿಸ್ಲಿಲ್ಲ. ಇನ್ನು ಮಾತಾಡ್ಸೋದೂ ಇಲ್ಲ, ಬಿಡು." ವೀರಭದ್ರಮ್ಮ ಮುದ್ದೆಯ ಕೋಲನ್ನು ಪಕ್ಕಕ್ಕಿಟ್ಟು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ. ಮುದುಕಿಗೆ ಕೇಳಿಸಲೆಂದು ದನಿಯನ್ನು ಎತ್ತರಿಸುತ್ತಾರೆ. "ಆದ್ರೆ ಈ ಊರಾಗೆ ಫೇಲಾದ ಮಗೀನ ಮತ್ತೆ ಸ್ಕೂಲಿಗೆ ಕಳಿಸ್ತೀನಿ ಅಂದ ಮೊದಲನೇ ಅಪ್ಪ ಅವನೇ ಕಣವ್ವ!"