ಡೀಸೆಲ್ ತಿನ್ನಲೊಲ್ಲದ ಬ್ಯಾಕ್ಟೀರಿಯಾ

ಎಂಬತ್ತರ ದಶಕದ ಕೊನೆಯಲ್ಲಿ ಠಾಣೆ-ಬೇಲಾಪುರ ರಸ್ತೆಯ ಒಂದು ಕೆಮಿಕಲ್ ಕಂಪನಿಯ ಲ್ಯಾಬಿನಲ್ಲಿ ನಾವಿಬ್ಬರು ಹೆಂಗಸರು ಬ್ಯಾಕ್ಟೀರಿಯಾ ಸಾಕುತ್ತಿದ್ದೆವು. ಕಲ್ಯಾಣದ ಯಾವುದೋ ಗ್ಯಾರೇಜಿನ ಎಣ್ಣೆ ಕುಡಿದ ಮಣ್ಣಿನಲ್ಲಿ ಸಿಕ್ಕವು. ಡೀಸೆಲ್ಲಿನಲ್ಲಿ ಇಂಗಾಲಕ್ಕೆ ಬಿಗಿಯಾಗಿ ಅಂಟಿಕೊಂಡಿರುವ ಗಂಧಕವನ್ನು ಅವು ಬಿಡಿಸಿಕೊಂಡು ತಿನ್ನಬೇಕು. ತಿಂದರೆ, ಪರೀಕ್ಷೆಯ ದ್ರಾವಣ ಹಾಕಿದಾಗ ನೀಲಿ ಬಣ್ಣ ಬರುತ್ತದೆ. ನಮಗೆ ತಿಂಗಳುಗಟ್ಟಲೆ ಬಂದದ್ದು ಬರೀ ಗಂಜಿತಿಳಿಯ ಬಣ್ಣ. "ಅಗಲೇ ಶನಿವಾರ್ ತಕ್ ದೇಖತಾ ಹೂಂ," ಎಂದರು ಲ್ಯಾಬಿನ ಸಾಹೇಬರು. ಮುಂದಿನ ಶನಿವಾರದೊಳಗೆ ನೀಲಿ ಬರದಿದ್ದರೆ ಟೇಬಲ್ಲು ಪೇಂಟ್ ವಿಭಾಗಕ್ಕೆ, ನಾವು ಪ್ಯಾಕಿಂಗಿಗೆ.

ಆ ಹುಳುಗಳ ಮೇಲೆ ನನಗೆ ಅಳು ಬರುವಷ್ಟು ಸಿಟ್ಟು. ಏನು ಕಡಿಮೆ ಮಾಡಿದ್ದೆವು ಅವಕ್ಕೆ? ಸೊರಗಿದಂತೆ ಕಂಡರೆ ನಾನು ಒಂದು ಚಿಟಿಕೆ ಸಲ್ಫೇಟ್ ಲವಣ ಉದುರಿಸುತ್ತಿದ್ದೆ. ಮಂಗಳೂರು ಕಡೆಯ ಜೊತೆಗಾರ್ತಿ, ಹೋಟೆಲಿನವರ ಮಗಳು, ಇನ್ನೊಂದು ಚಿಟಿಕೆ ಸೇರಿಸುತ್ತಿದ್ದಳು. ಬಂದವರ ಎಲೆ ಖಾಲಿ ಕಂಡರೆ ನಮ್ಮಿಬ್ಬರ ಕೈಯೂ ಸುಮ್ಮನಿರುತ್ತಿರಲಿಲ್ಲ.

ಆ ಭಾನುವಾರ ಡೊಂಬಿವ್ಲಿಯ ನಮ್ಮ ಮನೆಗೆ ಹುಬ್ಬಳ್ಳಿಯಿಂದ ಮಾವನವರ ತಮ್ಮ ಬಂದರು. ನಾನು ತಿನ್ನಲು ಅವಲಕ್ಕಿ ಚೂಡಾ ಕೊಟ್ಟೆ, ಬೇಡಬೇಡವೆಂದರೂ ಮತ್ತೆ ಸುರಿದೆ. ಊಟಕ್ಕೆ ಕೂತರೆ ಅವರು ರೊಟ್ಟಿ-ಎಣ್ಣೆಗಾಯಿ ಮುಟ್ಟಲೇ ಇಲ್ಲ.

"ಅಷ್ಟು ಚೂಡಾ ತಿನ್ನಿಸಿದ ಮ್ಯಾಲೆ ರೊಟ್ಟಿ ಎಲ್ಲಿ ಇಳೀಬೇಕವ್ವಾ?" ಎಂದು ಅತ್ತೆ ರೇಗಿದರು.

ಸೌಟು ಹಿಡಿದು ನಿಂತಲ್ಲೇ ನನಗೆ ನಗು ಉಕ್ಕಿತು. ಸಲ್ಫೇಟಿನಲ್ಲೂ ಇರುವುದು ಗಂಧಕವೇ! ಅದು ಸುಲಭವಾಗಿ ಬಾಯಿಗೆ ಬೀಳುವಾಗ ಡೀಸೆಲ್ಲಿನದನ್ನು ಯಾರು ಕಷ್ಟಪಟ್ಟು ಕಿತ್ತು ತಿಂದಾರು? ಅತ್ತೆ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ.

ಸೋಮವಾರ ಜೊತೆಗಾರ್ತಿಗೆ ಸಲ್ಫೇಟ್ ನಿಲ್ಲಿಸೋಣವೆಂದು ಹೇಳಿದೆ. "ಅಯ್ಯೋ, ಸತ್ತರೆ ಎಂತ ಮಾಡುದು ಮಾರಾಯ್ತಿ?" ಎಂದಳು.

"ಸಾಯೂದಿಲ್ಲ ಬಿಡು. ಹಸಿವಾದ್ರ ತಾವೇ ತಿಂತಾವ."

ಸಲ್ಫೇಟಿನ ಡಬ್ಬಿಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದೆವು, ನಮ್ಮ ಮೇಲೆಯೇ ನಮಗೆ ನಂಬಿಕೆಯಿರಲಿಲ್ಲ. ಹೊಸ ಫ್ಲಾಸ್ಕಿನಲ್ಲಿ ಡೀಸೆಲ್ಲಿನದಲ್ಲದೆ ಬೇರೆ ಗಂಧಕದ ಸುಳಿವೂ ಇಲ್ಲದಂತೆ ನೋಡಿಕೊಂಡೆವು.

ಶನಿವಾರ ಬೆಳಿಗ್ಗೆ ಫ್ಲಾಸ್ಕಿನದನ್ನು ನಳಿಕೆಗೆ ಬಗ್ಗಿಸಿ, ಪರೀಕ್ಷೆಯ ದ್ರಾವಣ ಹಾಕಿ ನೋಡುತ್ತ ನಿಂತೆವು. ನಳಿಕೆಯ ತಳದಲ್ಲಿ ತೆಳುವಾಗಿ ಶುರುವಾದ ನೀಲಿ ನೋಡನೋಡುತ್ತಲೇ ಗಾಢವಾಯಿತು. ಅವಳು ನನ್ನನ್ನು ಹಿಡಿದು ಗಿರಗಿರನೆ ತಿರುಗಿಸಿದಳು, ಇಬ್ಬರೂ ನಗುತ್ತ ನೆಲಕ್ಕೆ ಕುಸಿದೆವು. ಅಷ್ಟು ಖುಷಿ ನನಗೆ ನನ್ನ ಮದುವೆಯಲ್ಲೂ ಆಗಿರಲಿಲ್ಲ.

ಟೇಬಲ್ ಎತ್ತಲು ಪೇಂಟ್ ವಿಭಾಗದವರು ಬಂದರು, ಹಿಂದೆಯೇ ಸಾಹೇಬರು. ನಳಿಕೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಪೇಂಟಿನವರನ್ನು ಕೈಸನ್ನೆಯಲ್ಲೇ ವಾಪಸು ಕಳಿಸಿ, ಬಾಗಿಲು ಮುಂದೆ ಮಾಡಿ, ಖಾಲಿ ನಳಿಕೆಯೊಂದನ್ನು ನನ್ನ ಕೈಗಿಟ್ಟು, ಮೆಲ್ಲಗೆ ಕೇಳಿದರು:

"ಏಕ್ ಬಾರ್ ಔರ್ ದಿಖಾವ್ ನಾ."