ಬರಿಗಾಲಲ್ಲೇ ಹೋದರೇ?

“ಅವರ ಯಜಮಾನ್ರು ಹೋಗ್ಯಾರಂತ ನೀನಾ ಹೇಳಿಬಿಡವ್ವಾ,” ಎಂದು ನರ್ಸ್ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು.

ಗಂಗಾವತಿಯ ಆಸ್ಪತ್ರೆಯ ಬೆಂಚಿನ ಮೇಲೆ ಜರ್ಮನಿಯ ವೃದ್ಧೆಯೊಬ್ಬರು ಗಂಡನ ಬೂಟುಗಳನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ವಿರೂಪಾಪುರಗಡ್ಡೆಯಲ್ಲಿ ಬಂಡೆ ಹತ್ತುವಾಗ ಅವರ ಗಂಡ ಎದೆ ಹಿಡಿದುಕೊಂಡು ಕುಸಿದಿದ್ದರಂತೆ. ಆಕೆಗೆ ಇಂಗ್ಲಿಷ್ ಬಾರದು. ವಿಶ್ವವಿದ್ಯಾಲಯದಲ್ಲಿ ಜರ್ಮನ್ ಎಂ.ಎ. ಓದುತ್ತಿದ್ದ ನಾನು ರಜೆಗೆ ಊರಿಗೆ ಬಂದಿದ್ದೆ. ಅದು ಗೊತ್ತಿದ್ದ ಪಕ್ಕದ ಮನೆಯ ಈ ನರ್ಸ್ ನನ್ನನ್ನು ಕರೆಸಿದ್ದರು.

ಸತ್ತರು ಎನ್ನಲು ನನಗೂ ಬಾಯಿ ಬರಲಿಲ್ಲ. ನಮ್ಮ ಮನೆಗಳಲ್ಲಿ ಯಾರೂ ಹಾಗೆ ಅನ್ನುವುದಿಲ್ಲ. ನರ್ಸ್ ಹೇಳಿದ್ದನ್ನೇ ಪದಕ್ಕೆ ಪದ ಜರ್ಮನ್ನಿಗೆ ತಿರುಗಿಸಿ, ‘ಅವರು ಹೋದರು’ ಎಂದೆ.

ಆಕೆಯ ಮುಖ ಅರಳಿತು. ಗಂಡ ಚೇತರಿಸಿಕೊಂಡು ಎದ್ದು ಹೋಗಿದ್ದಾರೆ ಎಂದುಕೊಂಡರೇನೋ. ಬೂಟುಗಳನ್ನು ಎತ್ತಿ ತೋರಿಸಿ, “ಬರಿಗಾಲಲ್ಲೇ ಹೋದರೇ? ಎಲ್ಲಿಗೆ?” ಎಂದು ಕೇಳಿದರು.

ಕೊನೆಗೆ ಆ ಇನ್ನೊಂದು ಶಬ್ದವನ್ನೇ ಹೇಳಬೇಕಾಯಿತು. ಆ ಜರ್ಮನ್ ಕ್ರಿಯಾಪದದ ಎಲ್ಲ ರೂಪಗಳನ್ನೂ ಪರೀಕ್ಷೆಯಲ್ಲಿ ತಪ್ಪಿಲ್ಲದೆ ಬರೆದಿದ್ದೆ. ಅಂದು ನಾಲಿಗೆ ತೊದಲಿತು.

ಈಗ ಯಾರಾದರೂ ‘ಹೋಗ್ಯಾರ’ ಎಂದಾಗಲೆಲ್ಲ ಆ ಅರಳಿದ ಮುಖ ನೆನಪಾಗುತ್ತದೆ. ಅರೆನಿಮಿಷದ ಆ ಸಂತೋಷವನ್ನು ಕೊಟ್ಟವಳು ನಾನು. ಕಿತ್ತುಕೊಂಡವಳೂ ನಾನೇ.